ಪುಟ್ಟತಾಯಮ್ಮನನ್ನು ಬಿತ್ತನೆಗೆ ಬಿಟ್ಟದ್ದು

ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತಿ ನಿಂತು ಹೆಂಡತಿಯನ್ನು ಕೂಗುವ ಮನುಷ್ಯ ನಾನು. ಆದರೆ ಕೈಗೊಂದು ಪೆನ್ನು ಸಿಕ್ಕರೆ ಸಾಕು, ಹಿಂದೆಮುಂದೆ ನೋಡದೆ ಜನರನ್ನು ಸಾಯಿಸಿಬಿಡುತ್ತೇನೆ. ಅದರಲ್ಲೂ ಒಳ್ಳೆಯವರೆಂದರೆ ನನ್ನ ಪೆನ್ನಿಗೆ ಬಹಳ ಆಸೆ. ಕೆಟ್ಟವನು ಸತ್ತರೆ ಓದುಗ ಪುಟ ತಿರುಗಿಸುತ್ತಾನೆ. ಒಳ್ಳೆಯವಳು ಸತ್ತರೆ ಕಣ್ಣೊರೆಸಿಕೊಂಡು, ಬರೆದವನ ಹೆಸರು ನೋಡುತ್ತಾನೆ. ಈ ಚಪಲಕ್ಕೆ ಮದ್ದು ಸಿಕ್ಕಿದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ.

ಬಿಡದಿಯ ಸುತ್ತ ರಾಗಿ ಹೊಲಗಳಲ್ಲಿ ಒಂದೊಂದಾಗಿ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ಅಂಥದ್ದೊಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವ ಗುಮಾಸ್ತನಾಗಿ ರಾಮನಗರದಿಂದ ದಿನಾ ಹೋಗಿಬರುತ್ತಿದ್ದೆ. ಕ್ಯಾಂಟೀನಿನ ಗೋಡೆಯ ಮೇಲೆ ನಮ್ಮದೊಂದು ಕೈಬರಹದ ಪತ್ರಿಕೆ, ಅದರಲ್ಲಿ ವಾರವಾರ ನನ್ನ ಧಾರಾವಾಹಿ. ಬೆಟ್ಟದ ಮೇಲಿನ ಪಾಳುಕೋಟೆಯಲ್ಲಿ ಒಬ್ಬ ಹುಚ್ಚು ಶ್ರೀಮಂತ ಒಂಬತ್ತು ಜನರನ್ನು ಕೂಡಿಹಾಕಿ ಆಟವಾಡಿಸುತ್ತಾನೆ. ವಾರಕ್ಕೊಬ್ಬರು ಸಾಯಬೇಕು, ಕೊನೆಗೆ ಉಳಿದವನು ಗೆದ್ದ. ಗೆಲ್ಲುವವನು ನಾಯಕನೆಂದು ಎಲ್ಲರಿಗೂ ಗೊತ್ತು, ಏಕೆಂದರೆ ಅವನು ಆಗಾಗ ಮೀಸೆ ತಿರುವುತ್ತಿದ್ದ. ಪುಟ್ಟತಾಯಮ್ಮ ಅಂತ ಇನ್ನೊಬ್ಬಳಿದ್ದಳು, ತನ್ನ ಪಾಲಿನ ನೀರನ್ನು ಬೇರೆಯವರಿಗೆ ಹಂಚುವವಳು. ಮೊದಲ ಮೂರು ವಾರ ಪರಿಚಯದಲ್ಲೇ ಕಳೆಯಿತು. ನಾಲ್ಕನೆಯ ವಾರ ಬರುವ ಮೊದಲ ಸಾವು ಅವಳದೇ ಎಂದು ತೀರ್ಮಾನಿಸಿದ್ದೆ.

ಮೂರನೆಯ ಕಂತು ಅಂಟಿಸಿದ ದಿನ, ಮುದ್ದೆ ಬಡಿಸುವ ಜಯಮ್ಮ ನನ್ನ ತಟ್ಟೆಯ ಮುಂದೆ ನಿಂತುಬಿಟ್ಟರು. "ಸಾ, ನೀರು ಕೊಡೋ ಆಯಮ್ಮ ಮುಂದಿನ್ ವಾರ ಹೊಂಟೋಯ್ತಾಳಾ?" ನನ್ನ ಎದೆ ಉಬ್ಬಿತು. ಓದು ಬಾರದ ಹೆಂಗಸು, ಯಾರ ಕೈಲೋ ಓದಿಸಿಕೊಂಡು ಮರುಗುತ್ತಿದ್ದಾರೆ! "ಹೋಗಲೇಬೇಕು ಜಯಮ್ಮ. ಒಳ್ಳೆಯವರೇ ಮೊದಲು ಹೋಗೋದು" ಎಂದೆ, ಗಂಭೀರವಾಗಿ. "ಬ್ಯಾಡಿ ಸಾ. ಗೂಡ್ನೆಲ್ಲಾ ಯಾರೂ ಬೇಯ್ಸಾಕಿಲ್ಲ, ಬಿತ್ತನೆಗೆ ಅಂತ ಒಸಿ ಬುಡ್ತಾರೆ. ಆಯಮ್ಮನ್ನ ಬಿತ್ತನೆಗೆ ಬುಡಿ" ಎಂದರು. ಮಾಗಡಿ ಕಡೆಯ ರೇಷ್ಮೆ ಸಾಕುವ ಮನೆಯವರ ಮಾತು ಅದು. ನೂಲು ತೆಗೆಯಲು ಬಿಸಿನೀರಿಗೆ ಹಾಕಿದ ಗೂಡಿನ ಹುಳು ಒಳಗೇ ಸಾಯುತ್ತದೆ. ಬಿತ್ತನೆಗೆ, ಅಂದರೆ ಮುಂದಿನ ಬೆಳೆಯ ಮೊಟ್ಟೆಗೆಂದು, ಎತ್ತಿಟ್ಟ ಗೂಡಿನಿಂದ ಮಾತ್ರ ಚಿಟ್ಟೆ ಹೊರಬರುತ್ತದೆ. ಆಹಾ, ಎಂಥ ಮಾತು ಎಂದು ಮುಂದಿನ ಕಂತಿಗೆ ಕದಿಯಲು ಅದನ್ನು ಚೀಟಿಯಲ್ಲಿ ಬರೆದುಕೊಂಡೆನೇ ಹೊರತು, ಅವರು ಯಾರ ಪರವಾಗಿ ಕೇಳುತ್ತಿದ್ದಾರೆಂದು ಯೋಚಿಸಲಿಲ್ಲ.

ಮರುದಿನ ಜಯಮ್ಮ ಕ್ಯಾಂಟೀನಿನ ಸಮವಸ್ತ್ರದ ನೀಲಿ ಸೀರೆಯನ್ನು ಒಗೆದು, ಮಡಿಸಿ, ನನ್ನ ಮೇಜಿನ ಮೇಲಿಟ್ಟರು. "ನೀವಾಗಿ ಕಳ್ಸಕ್ ಮುಂಚೆ ನಾನೇ ಹೊಂಟೋಯ್ತೀನಿ ಸಾ. ಮರ್ಯಾದೆಯಾದ್ರೂ ಉಳೀತದೆ." ಕೇಳಿದಾಗ ವಿಷಯ ಹೊರಬಿತ್ತು. ಮುಂದಿನ ತಿಂಗಳು ಕ್ಯಾಂಟೀನಿಗೆ ಹೊಸ ಕಂಟ್ರಾಕ್ಟರು ಬರುವವನಿದ್ದ. ಕೆಲವರನ್ನು ಬಿಡಿಸುತ್ತಾನೆಂದು ಸುದ್ದಿ. "ನಾವೂ ಬಡ್ಸೋರು ಒಂಬತ್ ಜನ, ನಿಮ್ ಕತೆ ಕ್ವಾಟೆನಾಗೂ ಒಂಬತ್ ಜನ. ನೀವು ಟೈಮ್ ಆಫೀಸ್ನೋರು, ಬಾಯ್ಬುಟ್ಟು ಹೇಳಕಾಗ್ದೆ ಹಿಂಗೆ ಬರ್ದು ತಿಳುಸ್ತಾ ಇದೀರಿ. ನೀವು ಬಂದ ಮೊದಲ್ನೇ ದಿನ ಕೂಪನ್ ಇಲ್ಲ ಅಂತ ನನ್ ಪಾಲಿನ್ ಮುದ್ದೆ ಕೊಟ್ಟಿದ್ದೆ. ಆ ಪುಟ್ಟತಾಯಮ್ಮ ನಾನೇ ಅಲ್ವಾ ಸಾ?"

ಆ ಮುದ್ದೆಯನ್ನು ನಾನು ಮರೆತೇಬಿಟ್ಟಿದ್ದೆ. ನನ್ನ ಪೆನ್ನು ಮರೆತಿರಲಿಲ್ಲ. ತುಂಬ ನಾಚಿಕೆಯಾಯಿತು. ಪಟ್ಟಿ ನನ್ನ ಕೈಯಲ್ಲಿಲ್ಲ, ನನಗೇನೂ ಗೊತ್ತಿಲ್ಲ ಎಂದು ಆಣೆ ಇಟ್ಟೆ, ಅವರು ನಂಬಲಿಲ್ಲ. ಸೀರೆಯನ್ನು ಮಾತ್ರ ಬಲವಂತವಾಗಿ ವಾಪಸು ಕೊಟ್ಟು ಕಳಿಸಿದೆ. ನಾಲ್ಕನೆಯ ವಾರ, ಕೋಟೆಯ ಹಿಂಬಾಗಿಲು ಮೊದಲಿಂದಲೂ ತೆರೆದೇ ಇತ್ತೆಂದು ಬರೆದು ಒಂಬತ್ತು ಜನರನ್ನೂ ಮನೆಗೆ ಕಳಿಸಿಬಿಟ್ಟೆ. ನಾಯಕನ ಮೀಸೆ ದಂಡವಾಯಿತು. "ಏನ್ಲಾ, ಒಬ್ರೂ ಸಾಯ್ನಿಲ್ವಲ್ಲಾ, ಇದೂ ಒಂದ್ ಕತೆನಾ?" ಎಂದು ಬಸ್ಸಿನಲ್ಲಿ ಗೆಳೆಯರು ಉಗಿದರು.

ಹೊಸ ಕಂಟ್ರಾಕ್ಟರು ಬಂದ. ನನ್ನದೇನೂ ಪಾತ್ರವಿಲ್ಲದೆ ಬಡಿಸುವ ಒಂಬತ್ತು ಜನವೂ ಉಳಿದರು. ಅಂದು ಜಯಮ್ಮ ನನ್ನ ತಟ್ಟೆಗೆ ಎರಡು ಮುದ್ದೆ ಹಾಕಿದರು. ಪ್ರಾಣದಾನ ಮಾಡಿದವನ ಗತ್ತಿನಲ್ಲಿ ನಾನು ಮುದ್ದೆ ಮುರಿಯುತ್ತಿದ್ದಾಗ, ದನಿ ತಗ್ಗಿಸಿ, "ತಟ್ಟೆ ತೊಳೆಯೋ ಅಜ್ಜಿನ ಬುಡಿಸ್ಬುಟ್ರು ಸಾ. ತೊಳೆಯಕ್ಕೆ ಮಿಸಿನ್ನು ಬಂದೈತೆ. ಆಯಮ್ಮನ್ನೂ ಕ್ವಾಟೆಗೆ ಸೇರಿಸ್ಕಂಡಿದ್ರೆ ಉಳ್ಕತಿತ್ತು" ಎಂದರು.

ಮೂರು ವರ್ಷ ಆ ಅಜ್ಜಿ ತೊಳೆದ ತಟ್ಟೆಯಲ್ಲಿ ಉಂಡಿದ್ದೇನೆ. ಪಾತ್ರಗಳಿಗೆ ಹೆಸರಿಡುವುದರಲ್ಲಿ ನಾನು ಎತ್ತಿದ ಕೈ ಎಂದು ಬೀಗುತ್ತಿದ್ದವನು, ತುತ್ತನ್ನು ಹಾಗೇ ಹಿಡಿದುಕೊಂಡು, "ಅವರ ಹೆಸರೇನು ಜಯಮ್ಮ?" ಎಂದು ಕೇಳಿದೆ.