ಸೂಜಿಯಿಲ್ಲದ ಡಾಕ್ಟರು

ಇಂಥದ್ದೆಲ್ಲ ನನಗೇ ಯಾಕೆ ಆಗುತ್ತದೆ ಎಂದು ಒಮ್ಮೆ ಹೆಂಡತಿಯನ್ನು ಕೇಳಿದೆ. "ಮತ್ಯಾರಿಗೆ ಆಗಬೇಕ್ರಿ? ಈ ಕೆಲಸ ಮಾಡೋರು ಇಲ್ಲಿ ನೀವೊಬ್ರೇ ಅದೀರಿ" ಅಂದಳು.

ತೊಂಬತ್ತರ ದಶಕದ ಮಾತು. ನಾನು ಫಿಸಿಯೋಥೆರಪಿ ಕಲಿತು ಬಂದು ಸಿಂಧನೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ನನ್ನ ರೋಗಿಗಳೆಲ್ಲ ವಯಸ್ಸಾದವರು, ಎದ್ದು ಬರಲಾರದವರು. ಹಾಗಾಗಿ ಲೂನಾ ಹತ್ತಿ ನಾನೇ ಅವರ ಮನೆಗಳಿಗೆ ಹೋಗುತ್ತಿದ್ದೆ. ಡಾಕ್ಟರೆಂದರೆ ಸೂಜಿ, ಗುಳಿಗೆ, ಸಲೈನ್ ಬಾಟಲಿ ಎಂಬುದು ನಮ್ಮ ಜನರ ಗಟ್ಟಿ ತಿಳುವಳಿಕೆ. ನನ್ನ ಚೀಲದಲ್ಲಿ ಇದ್ದದ್ದು ಒಂದು ಉಸುಕಿನ ಗಂಟು. ಅದನ್ನು ಕಾಲಿಗೆ ಕಟ್ಟಿ ಎತ್ತಿಸುವುದು ನನ್ನ ಚಿಕಿತ್ಸೆ.

ನನಗೆ ಬೇಕಾಗಿದ್ದದ್ದು ಒಂದೇ ಮಾತು. "ಇವರನ್ನ ಆ ಡಾಕ್ಟ್ರು ನಡಿಸಿದ್ರು" ಎಂದು ಯಾರಾದರೂ ನಾಲ್ಕು ಜನರೆದುರು ಅನ್ನಬೇಕಿತ್ತು. ಹಾಗೆ ಹೆಸರು ಬಂದರೆ ಊರಲ್ಲಿ ಉಳಿಯುವುದು, ಬರದಿದ್ದರೆ ಗಂಟುಮೂಟೆ ಕಟ್ಟಿ ರಾಯಚೂರಿಗೆ ಹೋಗಿ ಇನ್ನೊಬ್ಬರ ಕೈಕೆಳಗೆ ದುಡಿಯುವುದು ಎಂದು ಲೆಕ್ಕ ಹಾಕಿದ್ದೆ. ಆ ಒಂದು ಮಾತಿಗಾಗಿ ನಾನು ಪಟ್ಟ ಪಾಡು ಹೀಗಿದೆ.

೧. ಆ ಸೂಜಿಯ ಗುಣ

ಬಳಗಾನೂರಿನ ಒಬ್ಬ ಅಜ್ಜನಿಗೆ ಮೊಣಕಾಲು ಹಿಡಿದಿತ್ತು. ಮನೆಯಿಂದ ಅಂಗಳಕ್ಕೂ ಬರುತ್ತಿರಲಿಲ್ಲ. ಮೊದಲ ದಿನ ಕಾಲು ಮಡಚಿಸಿ, ಚಾಚಿಸಿ, ಬೆವರು ಒರೆಸಿಕೊಂಡು "ಮುಗೀತ್ರಿ" ಅಂದೆ. ಅಜ್ಜ ಮಗ್ಗುಲಾಗಿ ಧೋತರ ಸಡಿಲಿಸಿ ಕಾಯುತ್ತ ಮಲಗಿದ.

"ಏನ್ರಿ ಅಜ್ಜಾರ?"

"ಸೂಜಿ."

"ಸೂಜಿ ಇಲ್ರಿ."

ಅಜ್ಜ ನನ್ನನ್ನು ಬಿಟ್ಟು ಮಗನ ಕಡೆ ತಿರುಗಿದ. "ಈ ಡಾಕ್ಟ್ರು ಇನ್ನಾ ಕಲಿಯಾಕತ್ತಾರೇನು?"

ಹಟ ಬಿಡದೆ ದಿನವೂ ಹೋದೆ. ಒಂದು ದಿನ ಹೋದರೆ ಮಂಚ ಖಾಲಿ. ಅಜ್ಜ ಊರ ಆ ತುದಿಯಲ್ಲಿದ್ದ ಕಂಪೌಂಡರನ ಮನೆಗೆ ಒಬ್ಬನೇ ನಡೆದುಕೊಂಡು ಹೋಗಿ, ಸೂಜಿ ಚುಚ್ಚಿಸಿಕೊಂಡು, ನಡೆದುಕೊಂಡೇ ವಾಪಸು ಬರುತ್ತಿದ್ದ. ನಾನು ಸಂತೋಷದಿಂದ ಅವನ ಎದುರಿಗೆ ಓಡಿದೆ. ಅಜ್ಜ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದ:

"ಸೂಜಿ ಅಂದ್ರ ಅದು ನೋಡ್ರಿ! ಚುಚ್ಚಿಸ್ಕೊಳ್ಳಾಕ ಹೋಗಾಗನ ಗುಣ ಕೊಟ್ಟೈತಿ."

೨. ಧಣಿಯ ಹೆಗಲು

ದಢೇಸುಗೂರಿನಲ್ಲಿ ಗದ್ದೆಗಳಿದ್ದ ಒಬ್ಬ ಧಣಿ. ಬಲ ಹೆಗಲು ಬಿಗಿದು ಕೈ ಮೇಲೇಳುತ್ತಿರಲಿಲ್ಲ. ಗೋಡೆಯ ಮುಂದೆ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವ ವ್ಯಾಯಾಮವನ್ನು ಮಾಡಿ ತೋರಿಸಿದೆ. ಧಣಿ ಬಹಳ ಗಮನವಿಟ್ಟು ನೋಡಿದರು. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ ಆಳನ್ನು ಕರೆದರು. "ಲೇ, ಡಾಕ್ಟ್ರು ಹೇಳಿದ್ದು ನೋಡಿದಿ ಇಲ್ಲೋ? ದಿನಾ ಮುಂಜಾನೆ, ಸಂಜಿಕ ತಪ್ಪದ ಮಾಡು."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕು ಬಂದೆ. ಮರುವಾರ ಹೋಗಿ ವ್ಯಾಯಾಮ ನಡೆದಿದೆಯೇ ಎಂದು ಕೇಳಿದೆ.

"ತಪ್ಪಿಲ್ರಿ. ನಾ ಖುದ್ದು ಮುಂದ ಕುಂತು ಮಾಡ್ಸಾಕತ್ತೀನಿ" ಎಂದು ಆಳನ್ನು ಕರೆದು ಕೈ ಎತ್ತಿಸಿ ತೋರಿಸಿದರು. ಅವನ ಕೈ ಜಂತಿ ಮುಟ್ಟುತ್ತಿತ್ತು. ಅದಕ್ಕೆ ಮೊದಲೂ ಮುಟ್ಟುತ್ತಿತ್ತು.

"ನಿಮ್ಮ ಕೈ ಹೆಂಗೈತ್ರಿ?"

"ಹಂಗ ಐತಿ. ಇಂವ ಇಷ್ಟು ಮಾಡಿದ ಮ್ಯಾಲನೂ ನನಗ ಗುಣ ಇಲ್ಲಂದ್ರ ನಿಮ್ಮ ವಿದ್ಯಾದಾಗ ಏನೋ ಕಸರು ಐತ್ರಿ."

ನೋವು ಯಾರದೋ ಅವರೇ ಮಾಡಬೇಕು, ಬೇರೆಯವರು ಮಾಡಿದರೆ ನಡೆಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಧಣಿಗೆ ನನ್ನ ಮೇಲೆ ನಿಜವಾಗಿಯೂ ಕನಿಕರ ಬಂತು.

"ಹಂಗಾದ್ರ ಚಲೋ ಐತಿ ಬಿಡ್ರಿ ನಿಮ್ಮ ಔಷಧ, ಆಳು ಇಲ್ಲದೋರಿಗೆ."

೩. ಸೊಸೆಯ ಹಸಿವು

ಮಸ್ಕಿಯ ಕಿರಾಣಿ ಸಾಹುಕಾರರೊಬ್ಬರಿಗೆ ಲಕ್ವಾ ಹೊಡೆದು ಎಡಗೈ ಮುಷ್ಟಿ ಕಟ್ಟಿಬಿಟ್ಟಿತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರು ನೀರನ್ನೂ ಮುಟ್ಟುವವರಲ್ಲ. ಯಾರಾದರೂ ಬೆರಳು ಬಿಡಿಸಿ ಕೈ ಹಿಡಿಯಲು ಬಂದರೆ "ಅದು ನಿಮ್ಮ ಪೂಜಿ ಆಗತೈತಿ, ನಂದಲ್ಲ" ಎನ್ನುವರು. ಮುಷ್ಟಿ ಬಿಚ್ಚಿ ಅಂಗೈ ಸಮನಾಗಿ ನಿಲ್ಲುವ ಹೊತ್ತಿಗೆ ಮಧ್ಯಾಹ್ನ ಇಳಿಯುತ್ತಿತ್ತು. ಮಾವ ಉಣ್ಣದೆ ಸೊಸೆ ಉಣ್ಣುವಂತಿಲ್ಲ.

ನಾನು ಬೆರಳು ಬಿಡಿಸುವ ವ್ಯಾಯಾಮಗಳನ್ನು ಹೇಳಿಕೊಟ್ಟೆ. ಸಾಹುಕಾರರು "ನೋಡೂಣು" ಅಂದರು. ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟು ವರ್ಷ ಮಾವನೆದುರು ತಲೆ ಎತ್ತದಿದ್ದ ಹೆಣ್ಣುಮಗಳು ಕೋಳಿ ಕೂಗುವ ಹೊತ್ತಿಗೇ ಮಾವನ ಕೈಗೆ ಕಲಸಿದ ಹಿಟ್ಟಿನ ಮುದ್ದೆ ಕೊಟ್ಟು, "ಬೆರಳ ಬಿಚ್ಚಿ ತಟ್ರಿ ಮಾವಾರ. ಇನ್ನಾ ಅಗಲ ತಟ್ರಿ" ಎಂದು ಎದುರಿಗೆ ನಿಲ್ಲುತ್ತಿದ್ದಳು. ಆಮೇಲೆ ಆ ಹಿಟ್ಟನ್ನು ಎಮ್ಮೆಗೆ ಹಾಕುತ್ತಿದ್ದಳು. ಎಮ್ಮೆ ಮೈ ತುಂಬಿಕೊಂಡಿತು. ಮಾವನ ಬೆರಳೂ ಬಿಚ್ಚಿದವು. ಬಿಸಿಲೇರುವ ಮುಂಚೆಯೇ ಪೂಜೆ ಮುಗಿಯತೊಡಗಿತು.

"ಎಲ್ಲಾ ಶಿವನ ದಯಾ" ಅಂದರು ಸಾಹುಕಾರರು.

"ಶಿವನ ದಯಾನೂ ಐತ್ರಿ, ನನ್ನ ಹಸಿವೂ ಐತಿ" ಎಂದು ಅಡುಗೆಮನೆಯಿಂದ ದನಿ ಬಂತು.

ನಾನು ಕೆಮ್ಮಿ, ವ್ಯಾಯಾಮದ್ದೂ ಸ್ವಲ್ಪ ಪಾಲಿದೆಯಲ್ಲವೇ ಎಂದು ಕೇಳಿದೆ.

"ನೀವು ಮನ್ಯಾಗ ಉಂಡು ಬಂದಿರ್ತೀರಿ. ನಿಮಗೇನು ಗೊತ್ತಾಗತೈತ್ರಿ" ಅಂದಳು.

೪. ಮಾತಾಡಿಸಲು ಬಂದವರು

ಲಿಂಗಸುಗೂರಿನ ಒಬ್ಬ ಅಮ್ಮ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದರು. ದೊಡ್ಡ ಊರಿನಲ್ಲಿ ಆಪರೇಷನ್ ಆಗಿ, ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಅವರ ಬೀಗರು ಬಿಜ್ಜರು ಸುತ್ತಲಿನ ಎಲ್ಲ ಊರುಗಳಲ್ಲೂ ಇದ್ದರು. ಈ ಅಮ್ಮ ನಡೆದರೆ ನನ್ನ ಹೆಸರು ತಾನಾಗಿಯೇ ಊರೂರಿಗೆ ಹೋಗುತ್ತದೆ ಎಂದು ಅಲ್ಲಿ ಜೀವ ಸವೆಸಿದೆ.

ಅಮ್ಮನಂಥ ಶಿಷ್ಯೆ ನನಗೆ ಮತ್ತೆ ಸಿಗಲಿಲ್ಲ. ಮೊದಲು ಗೋಡೆ, ಆಮೇಲೆ ಕೋಲು, ಆಮೇಲೆ ಕೋಲೂ ಬೇಡವಾಯಿತು. ಒಂದು ದಿನ ಅಂಗಳದಲ್ಲಿ ಸೊಗಸಾಗಿ ಓಡಾಡುತ್ತಿದ್ದಾಗ ಬಾಗಿಲಲ್ಲಿ ಮಾತು ಕೇಳಿಸಿತು. ನೆಂಟರು. ಕೈಯಲ್ಲಿ ಬ್ರೆಡ್ಡು, ಮೋಸಂಬಿ. ಅಮ್ಮ ನಾನು ಯಾವತ್ತೂ ಕಲಿಸಿರದ ವೇಗದಲ್ಲಿ ಹೋಗಿ ಮಂಚಕ್ಕೆ ಬಿದ್ದು, ಕೌದಿ ಎಳೆದುಕೊಂಡು "ಅಯ್ಯೋ ಶಿವನೇ" ಎಂದು ನರಳತೊಡಗಿದರು. ನೆಂಟರು ಕಣ್ಣೊರೆಸಿಕೊಂಡು, ಚಹಾ ಕುಡಿದು ಹೋದರು.

"ಹಿಂಗ್ಯಾಕ ಮಾಡಿದ್ರಿ ಅಮ್ಮಾರ?"

"ಪಾಮನಕಲ್ಲೂರಿಂದ ಬಸ್ಸಿನಾಗ ನಿಂತು ಬಂದಾರ. ಕೈಯಾಗ ಬ್ರೆಡ್ ಹಿಡ್ಕೊಂಡು ಬಂದೋರ ಮುಂದ ನಾ ಆರಾಮ ಅದೀನಿ ಅಂದ್ರ ಅವರ ಮನಸಿಗೆ ಹೆಂಗ ಆಗಬ್ಯಾಡ? ಮರ್ಯಾದಿ ಅಂಬೂದು ಬ್ಯಾಡೇನ್ರಿ?"

ಮರ್ಯಾದೆ ಅವರದು ಉಳಿಯಿತು. ನನ್ನದು ಊರೂರಿನಲ್ಲಿ ಹೋಯಿತು. "ಡಾಕ್ಟ್ರು ದಿನಾ ಬರ್ತಾರಂತ. ಆಕಿ ಮಾತ್ರ ಹಾಸಗಿ ಬಿಟ್ಟು ಎದ್ದಿಲ್ಲ" ಎಂದು ಬಂದವರೆಲ್ಲ ಹೇಳಿಕೊಂಡು ಹೋದರು. ನನ್ನನ್ನು ಕರೆಯುವವರು ಕಡಿಮೆಯಾದರು. ಒಮ್ಮೆಯಾದರೂ ಯಾರಾದರೊಬ್ಬರ ಮುಂದೆ ಎದ್ದು ನಿಲ್ಲಿರಿ ಎಂದು ಕೈ ಮುಗಿದು ಬೇಡಿಕೊಂಡೆ. "ಮುಂದ ಬಂದೋರ ಮುಂದ ನಿಲ್ತೀನಿ ಬಿಡ್ರಿ" ಅನ್ನುವರು. ಮುಂದೆ ಬಂದವರು ಇನ್ನೂ ದೂರದಿಂದ ಬಂದಿರುತ್ತಿದ್ದರು.

ಕೊನೆಗೆ ಮಸ್ಕಿಯಿಂದ ಅಮ್ಮನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಒಂದು ಟ್ರ್ಯಾಕ್ಟರ್ ತುಂಬ ಬಳಗ ಕಟ್ಟಿಕೊಂಡು ಬಂದರು. ಅಡುಗೆಯಲ್ಲಿ ಯಾರ ಕೈ ಮೇಲು ಎಂದು ಇಬ್ಬರಿಗೂ ಮೊದಲಿಂದ ಆಗಿಬರುತ್ತಿರಲಿಲ್ಲ. ಅಮ್ಮ ಎಂದಿನಂತೆ ನರಳುತ್ತಿದ್ದರು. ನಾನು ಮೂಲೆಯಲ್ಲಿ ನನ್ನ ಚೀಲ ಹಿಡಿದು ಕೂತಿದ್ದೆ. ನೆಗೆಣ್ಣಿ ಕೌದಿ ಸರಿಪಡಿಸಿ, "ಪಾಪ ಅಕ್ಕ ಇನ್ನ ಏಳಂಗಿಲ್ಲ. ಇವತ್ತಿನ ಅಡಗಿ ನಾ ನೋಡ್ತೀನಿ" ಎಂದು ಅಮ್ಮನ ಸೊಸೆಯನ್ನು ಜೊತೆಗೆ ಕರೆದುಕೊಂಡು ಅಡುಗೆಮನೆಯ ಹೊಸ್ತಿಲು ದಾಟಿದರು.

ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಕೇಳಿತು. ಮಂಚದ ಮೇಲೆ ನರಳಿಕೆ ನಿಂತಿತು.

"ಅಯ್ಯ, ಇದು ಉಪ್ಪಿನಕಾಯೇನ? ಎಣ್ಣಿನ ಕಾಣವಲ್ದು. ಏ ಸೊಸಿ, ಇದನ್ನ ತಿಪ್ಪಿಗೆ ಸುರುವು."

ಕೌದಿ ಒಂದು ಕಡೆ ಹೋಯಿತು, ಅಮ್ಮ ಒಂದು ಕಡೆ ಹೋದರು. ಕೋಲಿಲ್ಲ, ಗೋಡೆಯಿಲ್ಲ. ಪಡಸಾಲೆ ದಾಟಿ, ನಾವಿನ್ನೂ ಅಭ್ಯಾಸವನ್ನೇ ಮಾಡದಿದ್ದ ಎತ್ತರದ ಹೊಸ್ತಿಲು ದಾಟಿ, ನೆಗೆಣ್ಣಿಯ ಕೈಯಿಂದ ಭರಣಿ ಕಿತ್ತುಕೊಂಡು ಹೊರಗೆ ಬಂದು ನಿಂತರು.

ಇಡೀ ಬಳಗ ಎದ್ದು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಕಾದದ್ದು ಇದಕ್ಕೇ. ಅಂಗಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ. ಬಳಗದ ಹಿರಿಯರೊಬ್ಬರು ಎರಡೂ ಕೈ ಜೋಡಿಸಿ ನನ್ನನ್ನು ದಾಟಿ ನೆಗೆಣ್ಣಿಯ ಮುಂದೆ ಹೋಗಿ ನಿಂತರು.

"ಎಂಥ ಕಾಲ್ಗುಣ ತಂಗಿ ನಿಂದು! ನೀ ಹೊಸ್ತಿಲ ದಾಟಿದಿ, ಅಕ್ಕ ಎದ್ದು ನಡದ್ಲು."

ನಾನು ಅಮ್ಮನ ಮುಖ ನೋಡಿದೆ. ಅವರು ನಿಜ ಹೇಳಿದರೆ ಸಾಕಿತ್ತು. ಅಮ್ಮ ನನ್ನನ್ನು ನೋಡಿದರು, ಇಷ್ಟು ದಿನ ಬ್ರೆಡ್ಡು ತಂದ ಬಳಗವನ್ನೆಲ್ಲ ಒಮ್ಮೆ ನೋಡಿದರು. ಭರಣಿಯನ್ನು ಎದೆಗೆ ಒತ್ತಿಕೊಂಡು ತಮ್ಮ ಹಗೆಯ ಕಡೆ ತಿರುಗಿ ಅಂದರು:

"ಖರೇ ಐತಿ. ಆಕಿ ಕಾಲ್ಗುಣನ."

ಮರುವಾರ ಬಳಗಾನೂರಿನಿಂದ ಒಬ್ಬರು ನನ್ನ ಕೋಣೆಗೆ ಹುಡುಕಿಕೊಂಡು ಬಂದರು. "ನಮ್ಮವ್ವ ಹಾಸಗಿ ಹಿಡದಾಳ್ರಿ. ಲಿಂಗಸುಗೂರಿನ ಸುದ್ದಿ ಕೇಳಿ ಬಂದೀನಿ" ಅಂದರು. ಅಂತೂ ಹೆಸರು ಬಂತಲ್ಲ ಎಂದು ನಾನು ಚೀಲ ಹೆಗಲಿಗೇರಿಸಿ ಲೂನಾದ ಕಡೆ ನಡೆದೆ.

"ನೀವು ಬರೂದು ಬ್ಯಾಡ್ರಿ" ಅಂದರು ಅವರು ಬಹಳ ಮರ್ಯಾದೆಯಿಂದ. "ಆ ನೆಗೆಣ್ಣಿ ಅಮ್ಮಾರ ಮನಿ ಮಸ್ಕ್ಯಾಗ ಯಾವ ಓಣ್ಯಾಗ ಐತಿ, ಅಷ್ಟು ಹೇಳ್ರಿ ಸಾಕು."