ಮಾವನ ಹಲ್ಲುನೋವಿನ ಸಂಶೋಧನೆ

ಐವತ್ತೈದನೇ ವಯಸ್ಸಿನಲ್ಲಿ ಪಿಎಚ್.ಡಿ. ಹುಚ್ಚು ಹಿಡಿಸಿಕೊಂಡ ನಮ್ಮ ಸೋದರಮಾವನಲ್ಲಿ ಸಂಶೋಧಕನಿಗೆ ಬೇಕಾದ ಸಕಲ ಗುಣಗಳೂ ಇವೆ, ಬಾಯಿ ಮುಚ್ಚಿಕೊಂಡು ಕೂರುವುದೊಂದನ್ನು ಬಿಟ್ಟು! ಅವನ ವಿಷಯವೋ, ಕುರಿ ಸಾಕುವ ಹೆಂಗಸರ ಬದುಕು. ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡು ಬಂದು, ಕೇಳಿದ್ದನ್ನು ಬರೆಯಬೇಕು. ಕೇಳಬೇಕು! ಸುರಪುರದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮಾಸ್ತರರು ಯಾರ ಮಾತು ಕೇಳುತ್ತಾರೆ ಹೇಳಿ?

ಇಂಥದೇ ಸಂಶೋಧನೆಯಲ್ಲಿ ಸಿಕ್ಕಿಬಿದ್ದಿರುವ ನಾನು ಮತ್ತು ಶಹಾಪುರದ ನನ್ನ ಗೆಳತಿ ಪ್ರತಿ ಭಾನುವಾರ ರಂಗಂಪೇಟೆಯ ಮಾವನ ಮನೆಯಲ್ಲಿ ಸೇರುತ್ತೇವೆ. ಒಬ್ಬೊಬ್ಬರೂ ಹತ್ತು ನಿಮಿಷ ತಮ್ಮ ಸಂಕಟ ಹೇಳಿಕೊಳ್ಳಬೇಕು, ಉಳಿದವರು ಸುಮ್ಮನೆ ಕೇಳಬೇಕು. ನಮ್ಮ ಸಂಘಕ್ಕೆ ಇರುವುದು ಇದೊಂದೇ ನಿಯಮ. ಒಮ್ಮೆ ಗೆಳತಿ, ಗೈಡ್ ಬೈದರೆಂದು ಅಳುತ್ತ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಮಾವ ತನ್ನ ಗೈಡಿನ ಕಥೆ ತೆಗೆದ. ಮುಗಿಯುವ ಹೊತ್ತಿಗೆ ಅವಳೇ ಅವನನ್ನು ಸಮಾಧಾನ ಮಾಡುತ್ತಿದ್ದಳು!

ಯಾದಗಿರಿಯಾಚೆಯ ಬಳಿಚಕ್ರದ, ಕುರಿ ಸಾಕುವ ಒಬ್ಬ ಅಜ್ಜಿಯ ಸಂದರ್ಶನವನ್ನು ಅವನು ಬರೆದು ತಂದ. ಇಪ್ಪತ್ತೆರಡು ಪುಟ. ಅದರಲ್ಲಿ ಅಜ್ಜಿಯ ಪಾಲಿಗೆ ಬಂದದ್ದು ಹನ್ನೊಂದು "ಹೌದ್ರಿ", ನಾಲ್ಕು "ಇಲ್ರಿ", ಒಂದು "ಚಾ ಕುಡೀರಿ".

"ಸರ್, ಇದ್ರಾಗ ಅಜ್ಜಿ ಎಲ್ಲಿ ಮಾತಾಡ್ಯಾಳ್ರಿ?" ಎಂದಳು ಗೆಳತಿ.

"ಆಕಿ ಮನಸ್ಸಿನಾಗ ಇದ್ದದ್ದೆಲ್ಲಾ ನಾನೇ ಹೇಳೀನಲ್ಲವ್ವ!" ಎಂದ ಮಾವ.

ಅವನ ಗೈಡ್ ನಗಲಿಲ್ಲ. ಅಜ್ಜಿ ತಾನಾಗಿ ಮಾತಾಡಿದ ಅಧ್ಯಾಯ ತಿಂಗಳೊಳಗೆ ಬಾರದಿದ್ದರೆ ನೋಂದಣಿ ರದ್ದು ಎಂದುಬಿಟ್ಟರು. ಸಂಘ ತುರ್ತು ಸಭೆ ಸೇರಿ ಮದ್ದು ಕಂಡುಹಿಡಿಯಿತು: ಸಂದರ್ಶನ ಮುಗಿಯುವವರೆಗೂ ಬಾಯ್ತುಂಬ ಎಲೆ ಅಡಿಕೆ!

ಮಾವ ಉಬ್ಬಿದ ಗಲ್ಲ ಹೊತ್ತು ಬಳಿಚಕ್ರಕ್ಕೆ ಹೋದ. ಅಜ್ಜಿ ಏನು ಕೇಳಿದರೂ "ಹ್ಞೂಂ" ಎಂದ. ಪಾಪ, ಆಕೆ ಹಲ್ಲುನೋವೆಂದು ತಿಳಿದು, ಲವಂಗ ಎಲ್ಲಿ ಇಡಬೇಕು, ಉಪ್ಪುನೀರು ಎಷ್ಟು ಸಲ ಮುಕ್ಕಳಿಸಬೇಕು ಎಂದು ಅರ್ಧ ಗಂಟೆ ಹೇಳಿದಳು. ಕುರಿಯ ಸುದ್ದಿಯೇ ಇಲ್ಲ! ಭಾನುವಾರ ಆ ರೆಕಾರ್ಡ್ ಕೇಳುತ್ತ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅಜ್ಜಿಯ ದನಿ ತಗ್ಗಿತು. "ನನ್ನ ಮಗಳೂ ಹಿಂಗ ಗಲ್ಲಾ ಹಿಡ್ಕೊಂಡು ಕುಂತಿದ್ಳಪ್ಪ. ಹಲ್ಲುನೋವೇನು ದೊಡ್ಡದು ಅಂತ ನಾ ಕುರಿ ಹಿಂದ ಹೋದೆ. ತಿರುಗಿ ಬರೂದ್ರಾಗ ಜ್ವರ ನೆತ್ತಿಗೇರಿತ್ತು. ಉಳೀಲಿಲ್ಲ. ಇದು ಯಾರ ಮುಂದೂ ಆಡಿಲ್ಲ ನಾನು."

ನಮ್ಮ ನಗು ನಿಂತಿತು. ಗೆಳತಿ ಕಣ್ಣೊರೆಸಿಕೊಂಡು, "ಸರ್, ನಿಮ್ಮ ಅಧ್ಯಾಯ ಸಿಕ್ತು" ಎಂದಳು.

"ಇದು ಹಾಕಂಗಿಲ್ಲ" ಎಂದ ಮಾವ.

"ನೋಂದಣಿ ಹೋಗ್ತದ ಮಾಮಾ!" ಎಂದು ನಾನು ರೇಗಿದೆ.

"ಹೋಗ್ಲಿ ಬಿಡವ್ವ. ಮೊದಲ್ನೇ ಸಲ ಹೋದಾಗ ಕುರಿ ಸುದ್ದಿ ರೆಕಾರ್ಡ್ ಮಾಡ್ತೀನಿ ಅಂದಿದ್ದೆ, ಅದಕ್ಕ ಆಕಿ ಹ್ಞೂಂ ಅಂದಿದ್ಲು. ಇದು ಆಕಿ ಹಲ್ಲು ನೋಯೋ ಮನಷ್ಯಾಗ ಹೇಳ್ಯಾಳ. ನನ್ನ ಹಲ್ಲು ಎಲ್ಲಿ ನೋಯ್ತಿತ್ತು?"

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಅಂದು ಹೆಮ್ಮೆಯಾಯಿತು. ಮಾವ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಯಾದಗಿರಿ ಬಸ್ಸಿಗೆ ಹೊತ್ತಾಗಿತ್ತು.

"ಹಲ್ಲುನೋವು ಸುಳ್ಳು ಅಂತ ಹೇಳಿ ಬರ್ತೀನಿ" ಎಂದ. "ಬೈತಾಳ. ಬೈಲಿ, ಕುಂತು ಕೇಳ್ತೀನಿ."