ಕಪ್ಪು ಪರದೆಗೆ ಮಂಗಳಾರತಿ

ಬಾಳೇಶನ ಮುಖ ದಿನಕ್ಕೆ ಹತ್ತಾರು ಸಲ ಬಾಯಿ ತೆರೆದ ಸ್ಥಿತಿಯಲ್ಲೇ ನಿಂತುಬಿಡುತ್ತಿತ್ತು. ತಪ್ಪು ಮುಖದ್ದಲ್ಲ, ಅವನ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನದು. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಕುಳಿತು ಅವನು ಒಂದು ಕಂಪನಿಯ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುತ್ತಿದ್ದ. ಮನೆಯಿಂದ ಕೆಲಸ ಮಾಡುವವರು ದಿನವಿಡೀ ಕ್ಯಾಮೆರಾದ ಮುಂದಿರಬೇಕೆಂದು ಕಂಪನಿ ಹೊಸ ನಿಯಮ ತಂದಿತ್ತು. ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಇಡೀ ಟೀಮಿನ ಹಾಜರಿಯ ವಿಡಿಯೋ ಕರೆ ತಾನಾಗಿ ಶುರುವಾಗುತ್ತಿತ್ತು. ಹಳೆಯ ಪ್ರೊಸೆಸರ್‌ಗೆ ಅದು ಎತ್ತಲಾಗದ ಮೂಟೆ; ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು.

"ಇನ್ನೊಂದ್ ಸಲ ಸ್ಟಕ್ ಆದ್ರೆ ಆಫೀಸಿಗೇ ಬಂದು ಕೆಲಸ ಮಾಡಿ ಬಾಳೇಶ್," ಎಂದು ಟೀಮ್ ಲೀಡರ್ ಸ್ಪಂದನ ಎಚ್ಚರಿಸಿದ್ದರು. ಆಫೀಸು ಸರ್ಜಾಪುರ ರಸ್ತೆಯಲ್ಲಿ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬಾಳೇಶ ತನ್ನೂರು ಗೋಕಾಕಿನಿಂದ ಬೆಳಗಾವಿಗೆ ಹೋಗಿ ಬರಬಹುದಿತ್ತು.

ಹಾಗಾಗಿ ಹಳೆಯದರ ಸಾಕೆಟ್‌ಗೇ ಕೂರುವ ಹೊಸ ಪ್ರೊಸೆಸರ್ ತಂದ. ಬೆಳಿಗ್ಗೆ ಸ್ಪಂದನ ಅವರಿಗೆ ಫೋನ್ ಮಾಡಿ, "ಮೇಡಮ್, ಭಾಳ ಜ್ವರ ಬಂದಾವ್ರೀ, ಹಾಸಿಗಿಯಿಂದ ಏಳಾಕೂ ಆಗವಲ್ದು," ಎಂದು ನರಳಿ ರಜೆ ಪಡೆದ. ಫೋನಿಟ್ಟವನೇ ಸ್ಕ್ರೂಡ್ರೈವರ್ ಹಿಡಿದ.

ಫ್ಯಾನ್ ಬಿಚ್ಚುವ ಹೊತ್ತಿಗೆ ಕೆಳಗಿನ ಮನೆಯಿಂದ ಓನರ್ ಪಾಪಮ್ಮ ಹತ್ತಿ ಬಂದರು. ಬಾಗಿಲು ತೆರೆದಿದ್ದರೆ ಅವರಿಗೆ ಅದೇ ಕರೆ.

"ಏನಪ್ಪಾ, ಕಂಪ್ಯೂಟರ್ ಹೊಟ್ಟೆ ಕುಯ್ದಿದೀಯ?"

"ಪ್ರೊಸೆಸರ್ ಬದಲಿ ಮಾಡಾಕತ್ತೀನ್ರೀ ಅಮ್ಮ. ಇದರ ಮಿದುಳ ಇದು."

"ಮೆದುಳಾ? ಒಂದ್ ಬಿಸ್ಕತ್ ಗಾತ್ರಾನೂ ಇಲ್ವಲ್ಲೋ! ಮೇಲೆ ಬಳ್ದಿರೋದೇನು, ವಿಭೂತೀನಾ?"

"ಪೇಸ್ಟ್ ರೀ. ಮಿದುಳಿನ ಬಿಸಿ ಫ್ಯಾನಿಗೆ ದಾಟಸ್ತೈತಿ."

"ನಮ್ ಯಜಮಾನ್ರ ತಲೆಗೂ ಒಂಚೂರು ಮಿಗಿಸಪ್ಪ."

ಬಾಳೇಶ ಗುರುತು ನೋಡಿ ಹೊಸ ಪ್ರೊಸೆಸರ್ ಕೂರಿಸಿದ. ಬಟಾಣಿ ಕಾಳಿನಷ್ಟು ಪೇಸ್ಟ್ ಹಾಕಿ, ಫ್ಯಾನ್ ಬಿಗಿದು, ಸ್ವಿಚ್ ಒತ್ತಿದ. ಫ್ಯಾನ್ ತಿರುಗಿತು. ದೀಪ ಹತ್ತಿತು. ಪರದೆ ಮಾತ್ರ ದೋಸೆ ಹಂಚಿನಂತೆ ಕಪ್ಪಗೆ ಕುಳಿತಿತ್ತು.

ಪಾಪಮ್ಮ ಬಾಲ್ಕನಿಗೆ ಓಡಿದರು. "ಕಾಂತರಾಜೂ! ಬೇಗ ಬಾರೋ, ಹುಡುಗನ ಮಿಷಿನ್ ಎಚ್ಚರ ತಪ್ಪೈತೆ!"

ಎದುರು ಮನೆಯ ಕಾಂತರಾಜು ಯುಪಿಎಸ್ ಬ್ಯಾಟರಿ ಮಾರುವವನು. ಆದ್ದರಿಂದ ವೈರ್ ಇರುವ ಯಾವ ವಸ್ತುವೂ ತನ್ನ ಅಧಿಕಾರದ ವ್ಯಾಪ್ತಿಗೇ ಸೇರಿದ್ದೆಂದು ನಂಬಿದ್ದ.

"ರ್‍ಯಾಮ್ ತೆಗ್ದು ರಬ್ಬರಲ್ಲಿ ಉಜ್ಜು ಗುರು," ಎಂದ ಬಂದವನೇ.

ಉಜ್ಜಿದ್ದಾಯಿತು. ಕೇಬಲ್ ಬದಲಿಸಿದ್ದೂ ಆಯಿತು. ಮತ್ತೆ ಸ್ವಿಚ್ ಒತ್ತಿದರೆ ಅದೇ ಫ್ಯಾನ್, ಅದೇ ದೀಪ, ಅದೇ ಹಂಚು.

"ಆಫ್ ಮಾಡ್ಬೇಡ. ಹೊಸದು ಬಿಸಿಯಾಗೋಕೆ ಟೈಮ್ ತಗೊಳತ್ತೆ. ಹಂಗೇ ಓಡ್ಲಿ ಬಿಡು," ಎಂದು ಕಾಂತರಾಜು ತೀರ್ಪು ಕೊಟ್ಟ.

ಪಾಪಮ್ಮನ ತೀರ್ಪು ಬೇರೆಯಿತ್ತು. "ಪೂಜೆ ಮಾಡ್ದೆ ಹೊಸ ಸಾಮಾನು ಹಾಕಿದ್ರೆ ಇನ್ನೇನಾಗತ್ತೆ?" ಎಂದು ಕೆಳಗೆ ಹೋಗಿ ತಟ್ಟೆ ತಂದು, ಕಂಪ್ಯೂಟರಿನ ಡಬ್ಬಕ್ಕೆ ಕುಂಕುಮವಿಟ್ಟು, ಕಪ್ಪು ಪರದೆಗೆ ಆರತಿ ಬೆಳಗಿದರು. ಕಾಂತರಾಜು ಗಂಟೆ ಬಾರಿಸಿದ. ಬಾಳೇಶ ಸ್ಕ್ರೂಡ್ರೈವರ್ ಸಮೇತ ಕೈ ಮುಗಿದ.

ಮೊಳೆಗೆ ನೇತುಹಾಕಿದ್ದ ಹೆಡ್‌ಫೋನಿನ ಕಡೆಯಿಂದ ಸಣ್ಣಗೆ ಏನೋ ಕೇಳಿಸಿತು. "ಗುಜುಗುಜು ಅಂತೈತಲ್ಲೋ?" ಎಂದರು ಪಾಪಮ್ಮ.

"ಕರೆಂಟ್ ಸೌಂಡು ಅಮ್ಮ. ಹೊಸದ್ರಲ್ಲಿ ಹಂಗೇ," ಎಂದ ಕಾಂತರಾಜು.

"ಅದ್ಸರಿ, ರಿಪೇರಿಗೆ ಕೊಡೋದ್ ಬಿಟ್ಟು ಯಾಕಪ್ಪಾ ಇಷ್ಟು ಒದ್ದಾಟ?" ಎಂದು ಪಾಪಮ್ಮ ಬಾಳೇಶನನ್ನು ಕೇಳಿದರು.

"ನಾಳೆ ಕ್ಯಾಮೆರಾದಾಗ ಮುಖಾ ನಿಂತ್ರ ನಮ್ಮ ಮೇಡಮ್ ಬಿಡಂಗಿಲ್ರೀ." ಬಾಳೇಶ ಸೊಂಟಕ್ಕೆ ಕೈಯಿಟ್ಟು, ಮೂಗು ಮೇಲೆತ್ತಿ, ಹೆಣ್ಣುದನಿ ತೆಗೆದ: "'ಬಾಳೇಶ್, ಇದೀರಾ? ಬಾಳೇಶ್, ಬಾಯಿ ಮುಚ್ಚಿ!' ಆಕಿ ನಕ್ಕಿದ್ದ ಯಾರೂ ನೋಡಿಲ್ರೀ. ನಕ್ರ ಆಕಿ ಸಂಬಳಾನ ಕಟ್ ಆಗ್ತೈತೇನೋ!"

ಪಾಪಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಂದ್ ಸಲ ಮಾಡು" ಎಂದರು. ಅವನು ಇನ್ನೊಂದು ಸಲ ಮಾಡಿದ.

ಮಧ್ಯಾಹ್ನವಾದರೂ ಪರದೆ ಬೆಳಗಲಿಲ್ಲ. ಕೊನೆಗೆ ಬಾಳೇಶ ಪ್ರೊಸೆಸರ್ ಮಾರಿದ ಅಂಗಡಿಗೇ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ.

"ಆ ಮಾಡೆಲಲ್ಲಿ ಗ್ರಾಫಿಕ್ಸ್ ಬರಲ್ಲ ಸಾರ್, ಅದಕ್ಕೇ ರೇಟ್ ಕಮ್ಮಿ. ಮಾನಿಟರಲ್ಲಿ ಚಿತ್ರ ಬೇಕಂದ್ರೆ ಬೇರೆ ಕಾರ್ಡ್ ಹಾಕ್ಬೇಕು. ನಿಮ್ ಹಳೇ ಪ್ರೊಸೆಸರಲ್ಲಿ ಅದು ಒಳಗೇ ಇತ್ತು."

"ಅಂದ್ರ ಮಿಷಿನ್ ಸತ್ತಿಲ್ಲೇನ್ರೀ?"

"ಎಲ್ಲಿ ಸಾಯತ್ತೆ ಸಾರ್! ಒಳಗೆ ಎಲ್ಲಾ ಆರಾಮಾಗಿ ಓಡ್ತಿರತ್ತೆ. ನಿಮಗೆ ಕಾಣಲ್ಲ ಅಷ್ಟೇ."

ಬಾಳೇಶನಿಗೆ ಹೋದ ಜೀವ ಬಂದಂತಾಯಿತು. "ನನ್ ಆರತಿ!" ಎಂದು ಪಾಪಮ್ಮ ಬೀಗಿದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸ್ಪಂದನ. ಬಾಳೇಶ ಇಬ್ಬರಿಗೂ ಸುಮ್ಮನಿರುವಂತೆ ಸನ್ನೆ ಮಾಡಿ, ಎರಡು ಸಲ ಕೆಮ್ಮಿ, ಫೋನ್ ಎತ್ತಿದ.

"ಜ್ವರ ಹೇಗಿದೆ ಬಾಳೇಶ್?"

"ಹಂಗ ಐತ್ರೀ ಮೇಡಮ್. ಕಣ್ಣು ಬಿಡಾಕ ಆಗವಲ್ದು. ಮಲ್ಕೊಂಡ ಇದೀನ್ರೀ."

"ಓ, ಮಲಗಿದೀರಾ. ಹಾಗಾದ್ರೆ ಸ್ಕ್ರೂಡ್ರೈವರಲ್ಲಿ ಬೆನ್ನು ಕೆರ್ಕೊಂಡು ನನ್ ಜೊತೆ ಮಾತಾಡ್ತಿರೋರು ಯಾರು?"

ಬಾಳೇಶ ನಿಧಾನವಾಗಿ ಕತ್ತು ತಿರುಗಿಸಿದ. ಕಪ್ಪು ಪರದೆಯ ನೆತ್ತಿಯ ಮೇಲೆ ಕ್ಯಾಮೆರಾ ಅವನನ್ನೇ ನೋಡುತ್ತಿತ್ತು.

"ಬೆಳಗ್ಗೆಯಿಂದ ಟೀಮ್ ಪೂರ್ತಿ ನೋಡ್ತಾ ಇದೀವಿ," ಎಂದರು ಸ್ಪಂದನ. "ಒಂದ್ ಸಲಾನೂ ಸ್ಟಕ್ ಆಗಿಲ್ಲ. ನಿಜವಾಗ್ಲೂ ಒಳ್ಳೇ ಪ್ರೊಸೆಸರ್. ನನ್ನ ಮಿಮಿಕ್ರಿ ಎರಡು ಸಲಾನೂ ತುಂಬಾ ಕ್ಲಿಯರ್ ಆಗಿ ಬಂತು."

ಬಾಳೇಶನ ಬಾಯಿ ತೆರೆದಂತೆಯೇ ನಿಂತಿತು. ಈ ಸಲ ತಪ್ಪು ಕಂಪ್ಯೂಟರಿನದಲ್ಲ.

"ನಾಳೆಯಿಂದ ಆಫೀಸಿಗೆ ಬನ್ನಿ ಬಾಳೇಶ್. ಇಲ್ಲಿ ಮಾನಿಟರಲ್ಲಿ ಚಿತ್ರಾನೂ ಬರತ್ತೆ."